ಕೋಟಿನ ಒಳಗೆ ಹೊಲಿದಿಟ್ಟ ಕಾಗದ: ಬ್ಲೇಸ್ ಪಾಸ್ಕಲ್ ಅವರ ಜೀವನ

 

ಮಂಡಲ ಕಾಲದ ಬರಹ ಸರಣಿಯಲ್ಲಿ ಇವತ್ತು ನನ್ನ ಸರದಿ. ನಾನು ಪುಣೆಯಲ್ಲಿ ಐಟಿ ಸಪೋರ್ಟ್ ಕೆಲಸ ಮಾಡ್ತೀನಿ, ಓದಿದ್ದು ಡಿಪ್ಲೊಮಾ. ಇಷ್ಟು ಉದ್ದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಹಿರಿಯ ಸ್ವಾಮಿಗಳು ತಿದ್ದಬೇಕು. ಇಲ್ಲಿ ಸಾಮಾನ್ಯವಾಗಿ ನಮ್ಮ ಸಂತರ, ಆಚಾರ್ಯರ ಜೀವನ ಬರುತ್ತೆ. ನಾನು ಬರೀತಿರೋದು ಫ್ರಾನ್ಸ್ ದೇಶದ ಒಬ್ಬ ಗಣಿತಜ್ಞರ ಬಗ್ಗೆ. ಅವರು ಕ್ರೈಸ್ತರು, ತೀರಿಹೋಗಿ 360 ವರ್ಷಕ್ಕೂ ಮೇಲಾಯ್ತು. ಮಾಲೆ ಹಾಕಿದವನು ಇವರ ಕಥೆ ಯಾಕೆ ಹೇಳ್ತಾನೆ ಅಂತ ನಿಮಗೆ ಅನ್ನಿಸಬಹುದು. ಮೊದಲು ಅದನ್ನೇ ಹೇಳ್ತೀನಿ.

ಹೋದ ವರ್ಷ ನಾನು ಕನ್ನಿಸ್ವಾಮಿ. ನಮ್ಮಪ್ಪ ಹನ್ನೊಂದು ವರ್ಷ ಮಲೆಗೆ ಹೋಗಿ ಬಂದವರು. ಹೃದಯದ ತೊಂದರೆ ಶುರುವಾದ ಮೇಲೆ ಬೆಟ್ಟ ಹತ್ತಬಾರದು ಅಂತ ಡಾಕ್ಟರ್ ಹೇಳಿದರು. ನಾನು ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ತಮ್ಮ ಮಾಲೆ ತಂದು ನನ್ನ ಕೈಗೆ ಕೊಟ್ಟು, ಈ ಸಲ ನೀನು ಹೋಗಿ ಬಾ ಅಂದರು. ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕಂದ್ರೆ ನಾನು ಮಾಲೆ ಹಾಕಿದ್ದು ಅಪ್ಪನಿಗೋಸ್ಕರ, ದೇವರಿಗೋಸ್ಕರ ಅಲ್ಲ. ದೇವರು ಇದ್ದಾನಾ ಇಲ್ವಾ ಅನ್ನೋದೇ ನನಗೆ ಖಚಿತ ಇರಲಿಲ್ಲ.

ವ್ರತದ ಹನ್ನೆರಡನೇ ದಿನ ಇರಬೇಕು. ನೈಟ್ ಶಿಫ್ಟ್‌ನಲ್ಲಿ ಟೀ ಕುಡೀತಾ ಇದ್ದಾಗ ಜೊತೆಯ ಸಹೋದ್ಯೋಗಿ ಒಬ್ಬ, ದೇವರಿದ್ದಾನೆ ಅನ್ನೋದಕ್ಕೆ ಪ್ರೂಫ್ ಏನು ಅಂತ ಕೇಳಿದ. ಗೇಲಿ ಮಾಡೋಕೆ ಕೇಳಿದ್ದಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ್ದು. ನಮ್ಮ ಕೆಲಸದಲ್ಲಿ ಲಾಗ್ ನೋಡದೆ ಯಾವ ಟಿಕೆಟ್ಟನ್ನೂ ಕ್ಲೋಸ್ ಮಾಡಲ್ಲ, ಹಾಗಿರುವಾಗ ಇಷ್ಟು ದೊಡ್ಡ ವಿಷಯವನ್ನ ಹೇಗೆ ಒಪ್ಕೊಂಡೆ ಅಂತ ಅವನ ಪ್ರಶ್ನೆ. ಕಪ್ಪು ಬಟ್ಟೆ ಉಟ್ಟು, ಕೊರಳಲ್ಲಿ ಮಾಲೆ ಹಾಕ್ಕೊಂಡು ನಿಂತಿದ್ದ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿಯೆಲ್ಲಾ ನಾಚಿಕೆ ಆಯ್ತು. ಮೋಸ ಮಾಡ್ತಿದೀನಿ ಅನ್ನಿಸ್ತು.

ಮಾರನೇ ದಿನ ಭಜನೆ ಮುಗಿದ ಮೇಲೆ ಗುರುಸ್ವಾಮಿಯವರಿಗೆ ಎಲ್ಲಾ ಹೇಳಿಬಿಟ್ಟೆ. ಬೈತಾರೆ ಅನ್ಕೊಂಡಿದ್ದೆ. ಅವರು ಬೈಯಲಿಲ್ಲ. ಪ್ರಶ್ನೆ ಒಳ್ಳೇದೇ, ಅದನ್ನ ಬಿಡಬೇಡ, ಆದರೆ ವ್ರತವನ್ನೂ ಬಿಡಬೇಡ ಅಂದರು. ಇದೇ ಪ್ರಶ್ನೆ ಕೇಳಿಕೊಂಡ ದೊಡ್ಡವರು ಬಹಳ ಜನ ಇದ್ದಾರೆ, ಬಿಡುವಾದಾಗ ಅವರ ಬಗ್ಗೆ ಓದು ಅಂತಲೂ ಹೇಳಿದರು. ಹಾಗೆ ಓದ್ತಾ ಹೋದಾಗ ಒಂದು ಹೆಸರು ಕಣ್ಣಿಗೆ ಬಿತ್ತು. ನಮ್ಮ ಡಿಪ್ಲೊಮಾದಲ್ಲಿ ಹಳೇ ಪ್ರೋಗ್ರಾಮಿಂಗ್ ಭಾಷೆಗಳ ಪಟ್ಟಿ ಹೇಳುವಾಗ ಪಾಸ್ಕಲ್ ಅಂತ ಒಂದು ಬರ್ತಿತ್ತು. 1970ರಲ್ಲಿ ನಿಕ್ಲಾಸ್ ವಿರ್ತ್ ಅವರು ಆ ಭಾಷೆ ಮಾಡಿ, ಅದಕ್ಕೆ ಇಟ್ಟಿದ್ದು ಇವರ ಹೆಸರು. ದೇವರ ಬಗ್ಗೆ ತರ್ಕ ಮಾಡಿದವರೂ ಇವರೇ ಅಂತ ನನಗೆ ಗೊತ್ತಿರಲಿಲ್ಲ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮೋಂ ಅನ್ನೋ ಊರಲ್ಲಿ. ಮಗುವಿಗೆ ಮೂರು ವರ್ಷ ಆದಾಗ ತಾಯಿ ತೀರಿಕೊಂಡರು. ತಂದೆ ಎತಿಯೆನ್ ಪಾಸ್ಕಲ್ ತೆರಿಗೆ ನ್ಯಾಯಾಲಯದ ಅಧಿಕಾರಿ, ಸ್ವತಃ ಗಣಿತ ಬಲ್ಲವರು. ಅವರು ಮತ್ತೆ ಮದುವೆ ಆಗಲಿಲ್ಲ. ಅಕ್ಕ ಜಿಲ್ಬೆರ್ತ್, ತಂಗಿ ಜಾಕ್ಲಿನ್, ನಡುವೆ ಈ ಹುಡುಗ. 1631ರಲ್ಲಿ ಮೂವರನ್ನೂ ಕರ್ಕೊಂಡು ಪ್ಯಾರಿಸ್‌ಗೆ ಬಂದು, ಶಾಲೆಗೆ ಕಳಿಸದೆ ತಾವೇ ಪಾಠ ಹೇಳಿದರು.

ಹುಡುಗನ ಆರೋಗ್ಯ ಮೊದಲಿನಿಂದಲೂ ಸರಿ ಇರಲಿಲ್ಲ. ಗಣಿತ ಹಿಡಿದರೆ ಬೇರೇನೂ ಕಲಿಯಲ್ಲ ಅಂತ ತಂದೆ ಮೊದಲು ಭಾಷೆಗಳನ್ನ ಕಲಿಸಿ, ಗಣಿತದ ಪುಸ್ತಕಗಳನ್ನ ಬೀಗ ಹಾಕಿ ಇಟ್ಟಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಹುಡುಗ ಇದ್ದಿಲು ಹಿಡಿದು ನೆಲದ ಮೇಲೆ ಗೆರೆ, ಸುತ್ತು ಎಳೀತಾ, ಯಾರೂ ಹೇಳಿಕೊಡದೆ, ತ್ರಿಕೋನದ ಮೂರು ಕೋನ ಸೇರಿದರೆ ಎರಡು ಲಂಬಕೋನದಷ್ಟಾಗುತ್ತೆ ಅನ್ನೋದನ್ನ ತಾನೇ ಕಂಡುಕೊಂಡ. ಇದನ್ನ ಬರೆದಿಟ್ಟವರು ಅಕ್ಕ ಜಿಲ್ಬೆರ್ತ್. ತಂದೆ ಅದನ್ನ ನೋಡಿ ಕಣ್ಣೀರು ಹಾಕಿದರಂತೆ. ಆಮೇಲೆ ಬೀಗ ತೆಗೆದು ಯೂಕ್ಲಿಡ್‌ನ ಪುಸ್ತಕ ಕೈಗೆ ಕೊಟ್ಟರು. ಹದಿನಾರನೇ ವಯಸ್ಸಿಗೆ ಶಂಕುಚ್ಛೇದಗಳ ಮೇಲೆ ಬರೆದ ಒಂದು ಹಾಳೆಯ ಲೇಖನ 1640ರಲ್ಲಿ ಅಚ್ಚಾಯ್ತು. ಅದರಲ್ಲಿದ್ದ ಷಟ್ಕೋನದ ಪ್ರಮೇಯ ಇವತ್ತಿಗೂ ಪಾಸ್ಕಲ್ ಹೆಸರಲ್ಲೇ ಇದೆ.

ಅಷ್ಟರಲ್ಲಿ ತಂದೆಗೆ ರುವಾಂ ನಗರದಲ್ಲಿ ತೆರಿಗೆ ಲೆಕ್ಕದ ಕೆಲಸ ಬಂತು. ರಾತ್ರಿಯೆಲ್ಲಾ ಕೂತು ಕೂಡೋದು, ಕಳೆಯೋದು. ತಂದೆ ಪಡೋ ಕಷ್ಟ ನೋಡಿ ಮಗ 1642ರಲ್ಲಿ ಲೆಕ್ಕ ಮಾಡೋ ಯಂತ್ರಕ್ಕೆ ಕೈ ಹಾಕಿದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹಳೇ ಬೈಕಿನಲ್ಲಿ ಕಿಲೋಮೀಟರ್ ಮೀಟರ್ ತಿರುಗೋದನ್ನ ನೋಡಿರ್ತೀರಿ. ಒಂಬತ್ತು ದಾಟಿದ ಕೂಡಲೇ ಪಕ್ಕದ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತೆ. ಆ ದಶಕ ಸಾಗಿಸೋ ಕೆಲಸವನ್ನ ಹಲ್ಲಿನ ಚಕ್ರಗಳಿಂದ ಮಾಡಿಸಿದ್ದೇ ಇವರ ಯಂತ್ರದ ಮುಖ್ಯ ವಿಷಯ. ಐವತ್ತರಷ್ಟು ಮಾದರಿ ಮಾಡಿ ಕೆಡಿಸಿ, 1645ರಲ್ಲಿ ಒಂದು ಸರಿಯಾದ ಯಂತ್ರ ತಯಾರಾಯ್ತು. ಬೆಲೆ ಜಾಸ್ತಿ ಇದ್ದಿದ್ದರಿಂದ ಹೆಚ್ಚು ಮಾರಾಟ ಆಗಲಿಲ್ಲ. ಕಂಪ್ಯೂಟರ್ ಇತಿಹಾಸದ ಪುಸ್ತಕಗಳಲ್ಲಿ ಮೊದಲ ಪುಟಗಳಲ್ಲೇ ಅದರ ಚಿತ್ರ ಇರುತ್ತೆ. ಅಪ್ಪನ ಭಾರ ಕಡಿಮೆ ಮಾಡೋಕೆ ಮಗ ಮಾಡಿದ್ದು ಅನ್ನೋದು ಮಾತ್ರ ನನಗೆ ಪರೀಕ್ಷೆಗೆ ಓದುವಾಗ ಗೊತ್ತಿರಲಿಲ್ಲ.

1646ರ ಚಳಿಗಾಲದಲ್ಲಿ ತಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆಗೆ ಪೆಟ್ಟಾಯ್ತು. ಮೂಳೆ ಕಟ್ಟೋದ್ರಲ್ಲಿ ಪಳಗಿದ ಇಬ್ಬರು ಅಣ್ಣತಮ್ಮಂದಿರು ಮೂರು ತಿಂಗಳು ಮನೆಯಲ್ಲೇ ಇದ್ದು ಚಿಕಿತ್ಸೆ ಮಾಡಿದರು. ಅವರು ಜಾನ್ಸೆನಿಸ್ಟ್ ಅನ್ನೋ ಕಟ್ಟುನಿಟ್ಟಿನ ಕ್ರೈಸ್ತ ಪಂಥಕ್ಕೆ ಸೇರಿದವರು. ಅವರು ಕೊಟ್ಟ ಪುಸ್ತಕಗಳಿಂದ ಇಡೀ ಮನೆಯವರ ಮನಸ್ಸು ಧರ್ಮದ ಕಡೆ ತಿರುಗಿತು. ಪಾಸ್ಕಲ್ ಮನಸ್ಸೂ ಸ್ವಲ್ಪ ತಿರುಗಿತು, ಆದರೆ ಪೂರ್ತಿ ಅಲ್ಲ. ವಿಜ್ಞಾನ ಬಿಡಲಿಲ್ಲ.

ಆ ಕಾಲದಲ್ಲಿ ಗಾಳಿಗೆ ತೂಕ ಇದೆಯಾ ಅನ್ನೋದು ದೊಡ್ಡ ವಾದ. ಪಾಸ್ಕಲ್ ಇದನ್ನ ಬಾಯಿಮಾತಲ್ಲಿ ಬಗೆಹರಿಸೋಕೆ ಹೋಗಲಿಲ್ಲ. ಗಾಳಿಗೆ ತೂಕ ಇದ್ದರೆ ಬೆಟ್ಟದ ಮೇಲೆ ಅದರ ಒತ್ತಡ ಕಡಿಮೆ ಇರಬೇಕು, ಹಾಗಾಗಿ ಕೊಳವೆಯೊಳಗಿನ ಪಾದರಸ ಕೆಳಗಿಳೀಬೇಕು ಅಂತ ಲೆಕ್ಕ ಹಾಕಿದರು. ತಾವು ಕಾಯಿಲೆಯಲ್ಲಿದ್ದದ್ದರಿಂದ ಭಾವ ಫ್ಲೋರೆಂ ಪೆರಿಯೇ ಅವರಿಗೆ ಬರೆದರು. 1648ರ ಸೆಪ್ಟೆಂಬರ್ 19ರಂದು ಅವರು ಕ್ಲೆರ್ಮೋಂ ಹತ್ತಿರದ ಪ್ಯುಯಿ ದ ದೋಮ್ ಬೆಟ್ಟವನ್ನ ಪಾದರಸದ ಕೊಳವೆ ಹಿಡಿದು ಹತ್ತಿದರು. ಕೆಳಗೆ ಇನ್ನೊಂದು ಕೊಳವೆ ಇಟ್ಟು ಕಾಯೋಕೆ ಒಬ್ಬರನ್ನ ಕೂರಿಸಿದ್ದರು. ಬೆಟ್ಟದ ತುದಿಯಲ್ಲಿ ಪಾದರಸ ಮೂರು ಇಂಚಿಗಿಂತ ಸ್ವಲ್ಪ ಹೆಚ್ಚೇ ಇಳಿದಿತ್ತು, ಕೆಳಗಿನದು ಇದ್ದಲ್ಲೇ ಇತ್ತು. ಇವತ್ತು ಚಂಡಮಾರುತ ಬಂದಾಗ ಹವಾಮಾನ ಇಲಾಖೆ ಹೆಕ್ಟೊಪಾಸ್ಕಲ್ ಲೆಕ್ಕದಲ್ಲಿ ಒತ್ತಡ ಹೇಳುತ್ತಲ್ಲ, ಅದು ಇವರ ಹೆಸರೇ.

ಇಷ್ಟನ್ನ ವಿವರವಾಗಿ ಹೇಳಿದ್ದು ಯಾಕಂದ್ರೆ, ಪ್ರೂಫ್ ಅಂದ್ರೆ ಏನು ಅನ್ನೋದು ಪಾಸ್ಕಲ್‌ಗೆ ಚೆನ್ನಾಗಿ ಗೊತ್ತಿತ್ತು. ಗಣಿತದ ಪ್ರೂಫೂ ಗೊತ್ತು, ಪ್ರಯೋಗದ ಪ್ರೂಫೂ ಗೊತ್ತು. ಸುಮ್ಮನೆ ನಂಬೋ ಜಾತಿಯವರಲ್ಲ. ಅಂಥವರು ದೇವರ ವಿಷಯಕ್ಕೆ ಬಂದಾಗ ಏನು ಮಾಡಿದರು ಅನ್ನೋದೇ ನನಗೆ ಬೇಕಾಗಿದ್ದ ವಿಷಯ.

ದೇವರಿದ್ದಾನೆ ಅಂತ ಸಾಧಿಸೋಕೆ ಆಗಲೇ ಹಲವು ವಾದಗಳು ಇದ್ದವು. 13ನೇ ಶತಮಾನದ ತೋಮಸ್ ಅಕ್ವಿನಾಸ್ ಹೇಳಿದ ದಾರಿಗಳಲ್ಲಿ ಒಂದು ಹೀಗೆ: ಪ್ರತಿಯೊಂದಕ್ಕೂ ಒಂದು ಕಾರಣ ಇದೆ, ಆ ಕಾರಣಕ್ಕೆ ಇನ್ನೊಂದು ಕಾರಣ ಇದೆ, ಇದು ಕೊನೆಯಿಲ್ಲದೆ ಹಿಂದಕ್ಕೆ ಹೋಗೋಕೆ ಆಗಲ್ಲ, ಹಾಗಾಗಿ ಮೊದಲ ಕಾರಣ ಒಂದು ಇರಲೇಬೇಕು. ಪಾಸ್ಕಲ್ ಕಾಲದ ದೊಡ್ಡ ತತ್ತ್ವಜ್ಞಾನಿ ದೆಕಾರ್ತ್ 1641ರ ಪುಸ್ತಕದಲ್ಲಿ ಬೇರೆ ವಾದ ಇಟ್ಟರು. ತ್ರಿಕೋನ ಅಂದ ಮೇಲೆ ಅದರ ಕೋನಗಳು ಎರಡು ಲಂಬಕೋನದಷ್ಟು ಇರಲೇಬೇಕು, ಅದನ್ನ ಬೇರೆ ಮಾಡೋಕೆ ಆಗಲ್ಲ. ಹಾಗೇ ಎಲ್ಲದರಲ್ಲೂ ಪೂರ್ಣವಾದದ್ದು ಅಂದ ಮೇಲೆ ಅದು ಇರಲೇಬೇಕು, ಇಲ್ಲದಿದ್ದರೆ ಅದು ಪೂರ್ಣ ಹೇಗಾಗುತ್ತೆ ಅನ್ನೋದು ಅವರ ವಾದ. ನೋಡಿ, ಪಾಸ್ಕಲ್ ಹನ್ನೆರಡನೇ ವಯಸ್ಸಿನಲ್ಲಿ ಇದ್ದಿಲಲ್ಲಿ ಕಂಡುಕೊಂಡ ಅದೇ ತ್ರಿಕೋನ.

ನಮ್ಮಲ್ಲೂ ಈ ಚರ್ಚೆ ಹಳೇದೇ. ಮಿಥಿಲೆಯ ಉದಯನಾಚಾರ್ಯರು ನ್ಯಾಯಕುಸುಮಾಂಜಲಿ ಅನ್ನೋ ಗ್ರಂಥವನ್ನೇ ಇದಕ್ಕಾಗಿ ಬರೆದರು. ಮಡಕೆಗೆ ಕುಂಬಾರ ಇರೋ ಹಾಗೆ, ಮಾಡಲ್ಪಟ್ಟ ಈ ಜಗತ್ತಿಗೂ ಒಬ್ಬ ಕರ್ತೃ ಇರಬೇಕು ಅನ್ನೋದು ಅವರ ವಾದಗಳಲ್ಲಿ ಒಂದು. ಆದರೆ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ, ಇಂಥ ಅನುಮಾನದಿಂದ ದೇವರನ್ನ ಸಾಧಿಸೋಕೆ ಆಗಲ್ಲ, ಶಾಸ್ತ್ರದಿಂದ ಮಾತ್ರ ತಿಳಿಯೋದು ಅಂತ ವಾದ ಮಾಡಿದರು. ದೇವರಿದ್ದಾನೆ ಅನ್ನೋದರಲ್ಲಿ ಇಬ್ಬರಿಗೂ ಸಂಶಯ ಇರಲಿಲ್ಲ, ತರ್ಕ ಎಲ್ಲಿವರೆಗೆ ಕರ್ಕೊಂಡು ಹೋಗುತ್ತೆ ಅನ್ನೋದರಲ್ಲಿ ಭಿನ್ನಾಭಿಪ್ರಾಯ. ಇದನ್ನ ಓದಿದಾಗ ನನ್ನ ಸಹೋದ್ಯೋಗಿಯ ಪ್ರಶ್ನೆ ಕೆಟ್ಟ ಪ್ರಶ್ನೆ ಅಲ್ಲ ಅಂತ ಸಮಾಧಾನ ಆಯ್ತು.

1647ರ ಸೆಪ್ಟೆಂಬರ್‌ನಲ್ಲಿ ದೆಕಾರ್ತ್ ಕಾಯಿಲೆ ಮಲಗಿದ್ದ ಪಾಸ್ಕಲ್‌ರನ್ನ ನೋಡೋಕೆ ಮನೆಗೇ ಬಂದಿದ್ದರು. ಮಾತು ಹೆಚ್ಚಾಗಿ ನಿರ್ವಾತ ಮತ್ತು ಯಂತ್ರದ ಬಗ್ಗೆ. ಮುಂದೆ ಪಾಸ್ಕಲ್ ಅವರ ದೇವರ ವಾದಗಳಿಂದ ದೂರ ಸರಿದರು. ಆ ತರ್ಕಗಳು ಬಹಳ ತೊಡಕು, ಕೇಳಿದಾಗ ಒಪ್ಪಿಗೆ ಆದರೂ ಒಂದು ಗಂಟೆ ಕಳೆದ ಮೇಲೆ ಎಲ್ಲೋ ತಪ್ಪಿದೆಯೇನೋ ಅಂತ ಮನುಷ್ಯನಿಗೆ ಭಯ ಶುರುವಾಗುತ್ತೆ ಅನ್ನೋದು ಅವರ ಅಭಿಪ್ರಾಯ. ಇದು ನನಗೆ ತುಂಬಾ ನಿಜ ಅನ್ನಿಸ್ತು. ಆ ದಿನಗಳಲ್ಲಿ ನಾನೂ ರಾತ್ರಿ ಎರಡು ಗಂಟೆಗೆ ಒಂದು ವಾದ ಓದಿ ಖುಷಿ ಪಟ್ಟು, ಬೆಳಿಗ್ಗೆ ತಣ್ಣೀರು ಸ್ನಾನ ಮಾಡುವಷ್ಟರಲ್ಲಿ ಅದರಲ್ಲಿ ತೂತು ಹುಡುಕ್ತಿದ್ದೆ.

1651ರಲ್ಲಿ ತಂದೆ ತೀರಿಕೊಂಡರು. ಮರುವರ್ಷದ ಜನವರಿಯಲ್ಲಿ ತಂಗಿ ಜಾಕ್ಲಿನ್ ಪೋರ್ ರೊಯಾಲ್ ಮಠ ಸೇರಿ ಸನ್ಯಾಸಿನಿಯಾದರು. ಪಾಸ್ಕಲ್‌ಗೆ ಅದು ಇಷ್ಟ ಇರಲಿಲ್ಲ. ತಂಗಿ ತನ್ನ ಪಾಲಿನ ಹಣವನ್ನ ಮಠಕ್ಕೆ ಕೊಡೋ ವಿಷಯದಲ್ಲಿ ಮನಸ್ತಾಪವೂ ಆಯ್ತು. ಒಂಟಿಯಾದ ಮೇಲೆ ಪ್ಯಾರಿಸ್‌ನ ದೊಡ್ಡ ಮನೆತನದ ಗೆಳೆಯರ ಜೊತೆ ಓಡಾಟ ಜಾಸ್ತಿ ಆಯ್ತು. ಅವರಲ್ಲಿ ಜೂಜಾಡೋರೂ ಇದ್ದರು.

ಅವರಲ್ಲೊಬ್ಬರು ಒಂದು ಲೆಕ್ಕ ಕೇಳಿದರು. ಇಬ್ಬರು ತಲಾ 32 ನಾಣ್ಯ ಹಾಕಿ ಆಡ್ತಿದ್ದಾರೆ, ಮೊದಲು ಮೂರು ಆಟ ಗೆದ್ದವನಿಗೆ 64 ನಾಣ್ಯವೂ ಸೇರಬೇಕು ಅಂತಿಟ್ಕೊಳ್ಳಿ. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತುಹೋದರೆ ಹಣ ಹೇಗೆ ಹಂಚಬೇಕು? 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಇಬ್ಬರೂ ಪತ್ರ ಬರೆದುಕೊಂಡು ಇದನ್ನ ಬಿಡಿಸಿದರು. ಮುಂದಿನ ಆಟ ಮೊದಲನೆಯವನು ಗೆದ್ದರೆ 64 ಪೂರ್ತಿ ಅವನದು, ಸೋತರೆ ಸಮ ಸಮ, ಅಂದ್ರೆ 32. ಹಾಗಾಗಿ 32 ಹೇಗಿದ್ದರೂ ಅವನದೇ, ಉಳಿದ 32ರಲ್ಲಿ ಅರ್ಧ ಅವನಿಗೆ. ಒಟ್ಟು 48 ಮತ್ತು 16. ಇನ್ನೂ ನಡೆಯದ ಆಟಕ್ಕೆ ಇವತ್ತೇ ಬೆಲೆ ಕಟ್ಟೋ ಈ ಗಣಿತವೇ ಸಂಭವನೀಯತೆಯ ಶಾಸ್ತ್ರದ ಬುನಾದಿ. ಇವತ್ತಿನ ವಿಮೆ ಕಂಪನಿಗಳು ನಡೆಯೋದು ಇದೇ ಶಾಸ್ತ್ರದ ಮೇಲೆ.

ಅದೇ ವರ್ಷ ನವೆಂಬರ್ 23ರ ರಾತ್ರಿ. ಪಾಸ್ಕಲ್‌ಗೆ 31 ವರ್ಷ. ಹತ್ತೂವರೆಯಿಂದ ಹನ್ನೆರಡೂವರೆವರೆಗೆ, ಸುಮಾರು ಎರಡು ಗಂಟೆ, ಅವರಿಗೆ ಏನೋ ಅನುಭವ ಆಯ್ತು. ಅದನ್ನ ಒಂದು ಕಾಗದದಲ್ಲಿ ಬರೆದರು. ದಿನ, ಹೊತ್ತು, ಬೆಂಕಿ ಅಂತ ಒಂದು ಪದ, ಆಮೇಲೆ ತುಂಡು ತುಂಡು ಮಾತುಗಳು. ತನಗೆ ಸಿಕ್ಕಿದ್ದು ಅಬ್ರಹಾಂ, ಇಸಾಕ್, ಯಾಕೋಬರ ದೇವರೇ ಹೊರತು ತತ್ತ್ವಜ್ಞಾನಿಗಳು ತರ್ಕದಿಂದ ಕಟ್ಟಿದ ದೇವರಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ಸಂತೋಷದ ಕಣ್ಣೀರಿನ ಮಾತೂ ಇದೆ. ಇದನ್ನ ಅವರು ಯಾರಿಗೂ ಹೇಳಲಿಲ್ಲ. ಚರ್ಮದ ಹಾಳೆಯ ಮೇಲೆ ಮತ್ತೊಂದು ಪ್ರತಿ ಮಾಡಿ, ಎರಡನ್ನೂ ಮಡಚಿ, ಹಾಕ್ಕೊಳ್ಳೋ ಕೋಟಿನ ಒಳಗಡೆ ಇಟ್ಟು ಹೊಲಿದುಬಿಟ್ಟರು. ಕೋಟು ಬದಲಾದಾಗಲೆಲ್ಲಾ ಬಿಚ್ಚಿ ಹೊಸದರಲ್ಲಿ ಹೊಲಿದುಕೊಳ್ತಿದ್ದರು. ಎಂಟು ವರ್ಷ ಹೀಗೇ ನಡೀತು. ತೀರಿಹೋದ ಮೇಲೆ ಮನೆಯ ಆಳೊಬ್ಬನ ಕೈಗೆ ಬಟ್ಟೆಯಲ್ಲಿ ಏನೋ ದಪ್ಪಗೆ ಸಿಕ್ಕಿ, ಬಿಚ್ಚಿ ನೋಡಿದಾಗಲೇ ಎಲ್ಲರಿಗೂ ಗೊತ್ತಾಗಿದ್ದು.

ಆಮೇಲೆ ಪಾಸ್ಕಲ್ ಪೋರ್ ರೊಯಾಲ್ ಕಡೆ ಹೆಚ್ಚು ಹೋಗೋಕೆ ಶುರು ಮಾಡಿದರು. ಅಲ್ಲಿಯ ಸ್ನೇಹಿತರ ಮೇಲೆ ಚರ್ಚಿನ ಇನ್ನೊಂದು ಗುಂಪಿನವರು ಆರೋಪ ಹೊರಿಸಿದಾಗ, 1656-57ರಲ್ಲಿ ಬೇರೆ ಹೆಸರಿನಿಂದ ಹದಿನೆಂಟು ಪತ್ರಗಳನ್ನ ಬರೆದು ಅಚ್ಚು ಹಾಕಿಸಿದರು. ಫ್ರೆಂಚ್ ಗದ್ಯ ಅಂದ್ರೆ ಹೀಗಿರಬೇಕು ಅಂತ ಇವತ್ತಿಗೂ ಆ ಪತ್ರಗಳನ್ನ ತೋರಿಸ್ತಾರೆ.

ನಂಬದೇ ಇರೋ ತಮ್ಮ ಹಳೇ ಗೆಳೆಯರಿಗಾಗಿ ಒಂದು ದೊಡ್ಡ ಪುಸ್ತಕ ಬರೀಬೇಕು ಅಂತ ಅವರ ಆಸೆ. ಹೊಳೆದದ್ದನ್ನೆಲ್ಲಾ ಹಾಳೆಗಳಲ್ಲಿ ಬರೆದು, ಕತ್ತರಿಸಿ, ದಾರ ಪೋಣಿಸಿ ಕಟ್ಟು ಮಾಡಿಟ್ಟರು. ಪುಸ್ತಕ ಮುಗಿಯಲಿಲ್ಲ. ಆ ಚೀಟಿಗಳೇ 1670ರಲ್ಲಿ ಪಾಂಸೇ, ಅಂದ್ರೆ ಚಿಂತನೆಗಳು, ಅನ್ನೋ ಹೆಸರಲ್ಲಿ ಹೊರಬಂದವು. ಅದರಲ್ಲೇ ಇದೆ ಪಾಸ್ಕಲ್‌ನ ಪಂದ್ಯ ಅಂತ ಹೆಸರಾದ ವಾದ.

ನನಗೆ ಅರ್ಥವಾದ ಹಾಗೆ ಹೇಳ್ತೀನಿ. ದೇವರು ಇದ್ದಾನೋ ಇಲ್ಲವೋ ಅಂತ ಬರೀ ಬುದ್ಧಿಯಿಂದ ತೀರ್ಮಾನ ಮಾಡೋಕೆ ಆಗಲ್ಲ ಅಂತ ಪಾಸ್ಕಲ್ ಮೊದಲೇ ಒಪ್ಪಿಬಿಡ್ತಾರೆ. ಆದರೆ ತೀರ್ಮಾನ ಮಾಡದೇ ಇರೋಕೂ ಆಗಲ್ಲ, ಯಾಕಂದ್ರೆ ಬದುಕು ಆಗಲೇ ನಡೀತಿದೆ. ಮಂಡಲ ಕಾಲ ಶುರುವಾದಾಗ ಮಾಲೆ ಹಾಕೋದೋ ಬೇಡವೋ ಅಂತ ಯೋಚಿಸ್ತಾ ಕೂತರೆ ಮಕರ ಸಂಕ್ರಾಂತಿ ಬಂದು ಹೋಗುತ್ತೆ. ಆ ವರ್ಷಕ್ಕೆ ಅದು ಹಾಕಲಿಲ್ಲ ಅಂತಲೇ ಲೆಕ್ಕ. ಹಾಗಾಗಿ ಎರಡರಲ್ಲಿ ಒಂದರ ಮೇಲೆ ಬದುಕನ್ನ ಇಟ್ಟೇ ಇಡ್ತೀವಿ. ದೇವರಿದ್ದಾನೆ ಅಂತ ಇಟ್ಟು, ಅದು ನಿಜವಾದರೆ ಸಿಗೋದು ಅಳತೆಯಿಲ್ಲದ್ದು. ಸುಳ್ಳಾದರೆ ಹೋಗೋದು ಕೆಲವು ಸುಖಗಳು, ಅದಕ್ಕೊಂದು ಮಿತಿ ಇದೆ. ಇಲ್ಲ ಅಂತ ಇಟ್ಟು ಗೆದ್ದರೂ ಸಿಗೋದು ಆ ಸ್ವಲ್ಪವೇ. ಜೂಜಿನ ಗೆಳೆಯರಿಗೆ ಅವರದೇ ಲೆಕ್ಕದಲ್ಲಿ ಹೇಳಿದ್ದು ಇದು.

ಇದಕ್ಕೆ ಆಕ್ಷೇಪಗಳೂ ಬಂದಿವೆ, ಮುಚ್ಚಿಡಬಾರದು. ಲಾಭ ಇದೆ ಅನ್ನೋದು ಇದ್ದಾನೆ ಅನ್ನೋದಕ್ಕೆ ಪ್ರೂಫ್ ಆಗಲ್ಲ ಅಂತ ವೋಲ್ತೇರ್ ಆಕ್ಷೇಪ ಎತ್ತಿದರು. ಯಾವ ಧರ್ಮದವರೂ ಇದೇ ಲೆಕ್ಕ ಹೇಳಬಹುದಲ್ಲ ಅಂತ ದಿದೆರೋ ತೋರಿಸಿದರು. ಎರಡೂ ಗಟ್ಟಿ ಆಕ್ಷೇಪಗಳೇ. ಪಾಸ್ಕಲ್ ಮನಸ್ಸಿನಲ್ಲಿ ಇದ್ದದ್ದು ಅವರ ಕ್ರೈಸ್ತ ದೇವರು ಮಾತ್ರ. ನಮ್ಮ ಪೂಜೆಯನ್ನ ಅವರು ಒಪ್ತಿರಲಿಲ್ಲ ಅನ್ನೋದು ನನಗೆ ಗೊತ್ತು. ಲಾಭದ ಲೆಕ್ಕ ಹಾಕಿ ದೇವರ ಹತ್ತಿರ ಹೋಗೋದು ನನಗೂ ಸರಿ ಕಾಣಲಿಲ್ಲ. ಇಲ್ಲಿಗೇ ನಿಂತಿದ್ದರೆ ನಾನು ಈ ಬರಹ ಬರೀತಿರಲಿಲ್ಲ.

ಆದರೆ ಆ ಚೀಟಿ ಅಲ್ಲಿಗೇ ನಿಲ್ಲಲ್ಲ. ಲೆಕ್ಕ ಒಪ್ಪಿದೆ, ಆದರೂ ನನ್ನಿಂದ ನಂಬೋಕೆ ಆಗ್ತಿಲ್ಲ, ಏನು ಮಾಡಲಿ ಅಂತ ಕೇಳುವವನು ಅದರಲ್ಲೇ ಬರ್ತಾನೆ. ಅದನ್ನ ಓದಿದಾಗ ಅದು ನಾನೇ ಅನ್ನಿಸ್ತು. ಪಾಸ್ಕಲ್ ಅವನಿಗೆ ಇನ್ನೊಂದು ವಾದ ಕೊಡೋದಿಲ್ಲ. ಪ್ರೂಫ್ ಹೆಚ್ಚು ಮಾಡೋದರಿಂದ ಉಪಯೋಗ ಇಲ್ಲ, ನಿನ್ನ ಆಸೆಗಳನ್ನ ಕಡಿಮೆ ಮಾಡು ಅನ್ನೋ ಅರ್ಥದಲ್ಲಿ ಹೇಳ್ತಾರೆ. ನಿನ್ನ ಹಾಗೇ ಇದ್ದು, ಈಗ ನಂಬಿಕೆ ಬಂದಿರೋರನ್ನ ನೋಡು. ಅವರು ಎಲ್ಲಿಂದ ಶುರು ಮಾಡಿದರೋ ನೀನೂ ಅಲ್ಲಿಂದಲೇ ಶುರು ಮಾಡು. ಅವರು ಮಾಡೋ ಆಚರಣೆಗಳನ್ನ ಮಾಡು, ನಂಬಿದವನ ಹಾಗೇ ನಡ್ಕೋ. ಹೀಗೆ ನಡೆದರೆ ನೀನು ಪ್ರಾಮಾಣಿಕ, ವಿನಯವಂತ, ಉಪಕಾರಿ ಆಗ್ತೀಯ, ಅದರಿಂದ ನಷ್ಟವೇನು ಅಂತ ಕೇಳ್ತಾರೆ.

ಸ್ವಾಮಿಗಳೇ, ನಮ್ಮ 41 ದಿನದ ವ್ರತದಲ್ಲಿ ಗುರುಸ್ವಾಮಿ ನಮಗೆ ಹೇಳೋದೂ ಇದನ್ನೇ ಅಲ್ವಾ? ನಂಬಿಕೆ ಇದೆಯಾ ಅಂತ ಪರೀಕ್ಷೆ ಮಾಡಿ ಆಮೇಲೆ ಮಾಲೆ ಹಾಕಲ್ಲ. ಮೊದಲು ಮಾಲೆ ಹಾಕ್ತಾರೆ. ತಣ್ಣೀರು ಸ್ನಾನ ಮಾಡು, ಬರಿಗಾಲಲ್ಲಿ ನಡಿ, ನೆಲದ ಮೇಲೆ ಮಲಗು, ಎದುರು ಬಂದವರನ್ನೆಲ್ಲಾ ಸ್ವಾಮಿ ಅಂತ ಕರಿ ಅಂತಾರೆ. ಉಳಿದದ್ದು ಆಮೇಲೆ.

ಮಾಡಿದ್ದು ಬರೀ ಅಭ್ಯಾಸವೋ ನಿಜವಾದ ನಂಬಿಕೆಯೋ ಅಂತ ಹೇಗೆ ಗೊತ್ತಾಗುತ್ತೆ? ಇದಕ್ಕೆ ಉತ್ತರ ನನಗೆ ಕಂಡಿದ್ದು ಪಾಸ್ಕಲ್‌ರ ಕೊನೆಯ ವರ್ಷದಲ್ಲಿ.

1661ರಲ್ಲಿ ತಂಗಿ ಜಾಕ್ಲಿನ್ 36ನೇ ವಯಸ್ಸಿಗೆ ತೀರಿಕೊಂಡರು. ಪಾಸ್ಕಲ್‌ರ ಆರೋಗ್ಯ ಪೂರ್ತಿ ಕೆಟ್ಟಿತ್ತು. ವಿಪರೀತ ತಲೆನೋವು, ಹೊಟ್ಟೆನೋವು. ಅವರು ದೇಹಕ್ಕೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ದಂಡಿಸ್ಕೊಳ್ತಿದ್ದರು ಅಂತಲೂ ಅಕ್ಕ ಬರೆದಿದ್ದಾರೆ. ಅದನ್ನ ನಾವು ಅನುಸರಿಸಬೇಕಾಗಿಲ್ಲ. ಆದರೆ ಅದೇ ಕಾಯಿಲೆಯಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಪ್ಯಾರಿಸ್‌ನಲ್ಲಿ ಸಾರೋಟು ಇದ್ದವರು ಶ್ರೀಮಂತರು ಮಾತ್ರ. ನಿಗದಿತ ದಾರಿಯಲ್ಲಿ, ನಿಗದಿತ ಹೊತ್ತಿಗೆ, ಜನ ತುಂಬಲಿ ಬಿಡಲಿ ಹೊರಡೋ ಸಾರೋಟು ಇದ್ದರೆ ಐದು ಸೋಲ್ ಕೊಟ್ಟು ಯಾರಾದರೂ ಹೋಗಬಹುದು ಅಂತ ಸ್ನೇಹಿತರ ಜೊತೆ ಸೇರಿ ಯೋಜನೆ ಮಾಡಿದರು. 1662ರ ಮಾರ್ಚ್ 18ರಂದು ಏಳು ಸಾರೋಟುಗಳಿಂದ ಮೊದಲ ಮಾರ್ಗ ಶುರುವಾಯ್ತು. ನಾವು ದಿನಾ ಹತ್ತೋ ಸಿಟಿ ಬಸ್ಸಿನ ಮೂಲ ಅದು. ಆದರೆ ಅಲ್ಲಿಯ ನ್ಯಾಯಾಲಯ ಸೈನಿಕರು, ಆಳುಗಳು, ಕೂಲಿಯವರು ಹತ್ತಬಾರದು ಅಂತ ನಿಯಮ ಹಾಕಿಬಿಟ್ಟಿತು. ಪಾಸ್ಕಲ್ ತಮ್ಮ ಪಾಲಿನ ಹಣವನ್ನ ಮುಂಗಡವಾಗಿ ಪಡೆದು, ಬ್ಲುವಾ ಕಡೆ ಹಸಿವಿನಲ್ಲಿದ್ದ ಬಡವರಿಗೆ ಕಳಿಸೋಕೆ ಪ್ರಯತ್ನ ಪಟ್ಟರು.

ಅದೇ ವರ್ಷ ಅವರ ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಜಾಗ ಕೊಟ್ಟಿದ್ದರು. ಬಾಡಿಗೆ ಇಲ್ಲ, ಸೌದೆಯೂ ಇವರದೇ. ಆ ಮನೆಯ ಮಗುವಿಗೆ ಸಿಡುಬು ಬಂತು. ಪಾಸ್ಕಲ್‌ರನ್ನ ನೋಡಿಕೊಳ್ಳೋಕೆ ಅಕ್ಕ ದಿನಾ ಬರ್ತಿದ್ದರು, ಅವರ ಮಕ್ಕಳಿಗೆ ಸಿಡುಬು ಅಂಟೋ ಭಯ ಇತ್ತು. ಆ ಕುಟುಂಬವನ್ನ ಬೇರೆ ಕಡೆ ಕಳಿಸೋದು ಸುಲಭದ ದಾರಿ. ಮನೆ ಪಾಸ್ಕಲ್‌ರದು, ಸಾಯೋ ಸ್ಥಿತಿಯಲ್ಲಿ ಇದ್ದವರೂ ಅವರೇ. ಆದರೆ ಕಾಯಿಲೆ ಮಗುವನ್ನ ಸಾಗಿಸಿದರೆ ಮಗುವಿಗೆ ಅಪಾಯ, ನನಗೆ ಅಷ್ಟು ಅಪಾಯ ಇಲ್ಲ ಅಂತ ಹೇಳಿ ತಾವೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದರು. ಮತ್ತೆ ಆ ಮನೆಗೆ ವಾಪಸ್ ಬರಲೇ ಇಲ್ಲ.

ಕೊನೆಯಲ್ಲಿ, ವಾಸಿಯಾಗದ ಕಾಯಿಲೆಯ ಬಡವರನ್ನ ಇಡೋ ಆಸ್ಪತ್ರೆಗೆ ತನ್ನನ್ನ ಕರ್ಕೊಂಡು ಹೋಗಿ, ಅವರ ಜೊತೆಯಲ್ಲೇ ಸಾಯ್ತೀನಿ ಅಂತ ಕೇಳಿದರು. ಸಾಗಿಸೋ ಸ್ಥಿತಿ ಇಲ್ಲ ಅಂತ ವೈದ್ಯರು ಒಪ್ಪಲಿಲ್ಲ. 1662ರ ಆಗಸ್ಟ್ 19ರಂದು ಅಕ್ಕನ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 39 ವರ್ಷ. ಪ್ಯಾರಿಸ್‌ನ ಸೇಂತ್ ಎತಿಯೆನ್ ದ್ಯು ಮೋಂ ಚರ್ಚಿನಲ್ಲಿ ಮಣ್ಣು ಮಾಡಿದರು.

ಪಂದ್ಯದ ವಾದ ಓದಿದಾಗ ಅದು ಬುದ್ಧಿವಂತಿಕೆ ಅನ್ನಿಸಿತ್ತು. ಸಿಡುಬಿನ ಮಗುವಿನ ವಿಷಯ ಓದಿದ ಮೇಲೆ, ಈ ಮನುಷ್ಯ ಹೇಳಿದ ಹಾಗೇ ತನ್ನ ಬದುಕನ್ನ ನಿಜವಾಗಿ ಪಣಕ್ಕೆ ಇಟ್ಟಿದ್ದರು ಅಂತ ಗೊತ್ತಾಯ್ತು. ನಂಬಿದವನ ಹಾಗೇ ನಡ್ಕೋ ಅಂತ ಬೇರೆಯವರಿಗೆ ಬರೆದವರು ತಾವೂ ಹಾಗೇ ನಡೆದುಕೊಂಡರು.

ಇನ್ನು ನನ್ನ ವಿಷಯ. ನಮ್ಮ ಬಿಲ್ಡಿಂಗಿನಲ್ಲಿ ರಾತ್ರಿ ಕಾವಲಿಗೆ ಒಬ್ಬ ವಯಸ್ಸಾದವರು ಇದ್ದಾರೆ. ಎರಡು ವರ್ಷ ನೈಟ್ ಶಿಫ್ಟ್ ಮುಗಿಸಿ ಅವರ ಮುಂದೆಯೇ ಹಾದು ಹೋಗಿದ್ದೆ, ಒಂದು ದಿನವೂ ಹೆಸರು ಕೇಳಿರಲಿಲ್ಲ. ಮಾಲೆ ಹಾಕಿದ ಮೇಲೆ ನಿಯಮ ಅಂತ ಅವರನ್ನ ಸ್ವಾಮಿ ಅಂತ ಕರೆಯೋಕೆ ಶುರು ಮಾಡಿದೆ. ಮೊದಲ ವಾರ ಬಾಯಿಗೆ ಬರೀ ಅಭ್ಯಾಸ. ಇಪ್ಪತ್ತನೇ ದಿನದ ಹೊತ್ತಿಗೆ ಅವರ ಹೆಸರು, ಊರು, ಮಗಳ ಮದುವೆ ಸಾಲ ಎಲ್ಲಾ ಗೊತ್ತಾಯ್ತು. ಮಾಲೆ ತೆಗೆದ ಮೇಲೂ ನಿಂತು ಮಾತಾಡಿಸದೆ ಒಳಗೆ ಹೋಗೋಕೆ ಕಾಲು ಬರ್ತಿಲ್ಲ. ಇದು ದೇವರಿದ್ದಾನೆ ಅನ್ನೋದಕ್ಕೆ ಪ್ರೂಫ್ ಅಂತ ನಾನು ಹೇಳಲ್ಲ. ಆದರೆ ನನ್ನಲ್ಲಿ ಏನೋ ಬದಲಾಗಿದೆ ಅನ್ನೋದಕ್ಕೆ ನನ್ನ ಹತ್ತಿರ ಇರೋ ಲಾಗ್ ಇದೊಂದೇ.

ಇರುಮುಡಿ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿದಾಗ ಏನಾಯ್ತು ಅಂತ ಅಪ್ಪ ಫೋನಲ್ಲಿ ಕೇಳಿದರು. ನನಗೆ ಹೇಳೋಕೆ ಆಗಲಿಲ್ಲ. ಪಾಸ್ಕಲ್‌ಗೆ ಆ ರಾತ್ರಿ ಆದಂಥದ್ದು ಏನೂ ನನಗೆ ಆಗಿಲ್ಲ, ಸುಳ್ಳು ಹೇಳಬಾರದು. ಜನರ ನೂಕುನುಗ್ಗಲು, ತುಪ್ಪದ ವಾಸನೆ, ಒಂದು ಕ್ಷಣದ ದರ್ಶನ. ಆದರೆ ಇಳಿಯುವಾಗ ಮತ್ತೆ ಬರ್ತೀನಿ ಅಂತ ನನ್ನಷ್ಟಕ್ಕೆ ನಾನೇ ಹೇಳ್ಕೊಂಡಿದ್ದು ನೆನಪಿದೆ. ಆಗ ಅಪ್ಪನ ನೆನಪು ಇರಲಿಲ್ಲ.

ಸಹೋದ್ಯೋಗಿಗೆ ನಾನು ಇನ್ನೂ ಪ್ರೂಫ್ ಕೊಟ್ಟಿಲ್ಲ. ಈ ಪಾಸ್ಕಲ್ ಕಥೆಯನ್ನ ಒಂದು ರಾತ್ರಿ ಪೂರ್ತಿ ಹೇಳಿದೆ. ಪಂದ್ಯದ ವಾದವನ್ನ ಅವನು ಒಪ್ಪಲಿಲ್ಲ, ವೋಲ್ತೇರ್ ಹೇಳಿದ್ದೇ ಸರಿ ಅಂದ. ಆದರೆ ಮಗುವಿನ ವಿಷಯ ಕೇಳಿ ಸುಮ್ಮನಾದ. ನಾವಿಬ್ಬರೂ ಈಗಲೂ ಒಟ್ಟಿಗೇ ಟೀ ಕುಡೀತೀವಿ.

ಈ ವರ್ಷ ಮೊದಲ ಸಲ ಮಾಲೆ ಹಾಕಿರೋ ತಮ್ಮಂದಿರಲ್ಲಿ ಯಾರಿಗಾದರೂ ನನ್ನ ಹಾಗೆ ಸಂಶಯ ಇದ್ದರೆ ನಾಚಿಕೆ ಪಡಬೇಡಿ. ಪ್ರಶ್ನೆ ಇಟ್ಕೊಂಡೇ ಬನ್ನಿ, ವ್ರತ ಮಾತ್ರ ಸರಿಯಾಗಿ ಮಾಡಿ. ನಾನು ಈ ಸಲ ಎರಡನೇ ವರ್ಷ ಮಾಲೆ ಹಾಕಿದೀನಿ. ಈ ಸಲ ಅಪ್ಪ ಹೇಳಲಿಲ್ಲ, ನಾನೇ ಹೋಗಿ ಗುರುಸ್ವಾಮಿಯವರ ಮುಂದೆ ಕೊರಳೊಡ್ಡಿದೆ.

ಸ್ವಾಮಿಯೇ ಶರಣಂ ಅಯ್ಯಪ್ಪ.